ಹದಿನೈದು ಗ್ರಾಮಿನ ಮೇಲಿನ ಕೊಸರು

ಮದ್ದೂರಿನ ಅಂಕಯ್ಯನಿಗೆ ಈ ಲೋಕದಲ್ಲಿ ಇಬ್ಬರ ಮೇಲೆ ಸಿಟ್ಟಿತ್ತು. ಒಂದು ಅಂಚೆ ಇಲಾಖೆ, ಇನ್ನೊಂದು ಹೆಂಡತಿ ಮಂಗಳಮ್ಮ. ಅಂಚೆ ಇಲಾಖೆಯ ಮೇಲಿನ ಸಿಟ್ಟನ್ನು ಅವನು ಕ್ಷೌರದಂಗಡಿಯಲ್ಲಿ, ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ, ಶಿಂಷಾ ಹೊಳೆಯ ಸೋಪಾನದಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ. ಹೆಂಡತಿಯ ಮೇಲಿನದನ್ನು ಮಾತ್ರ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅದು ಸಿಟ್ಟೋ ಅಥವಾ ಬೇರೆ ಏನಾದರೂ ಪದಾರ್ಥವೋ ಅವನಿಗೇ ಗೊತ್ತಾಗಿರಲಿಲ್ಲ. (ತಕ್ಕಡಿಗೆ ಹಾಕಬಹುದಾದ ಪದಾರ್ಥವಾಗಿದ್ದರೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದ.)

ಅಂಕಯ್ಯ ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ನಲವತ್ತು ವರ್ಷ ತೂಕದವನಾಗಿದ್ದವನು. ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದ. ಇಸ್ಕೂಲಿನ ಹೊಸಲು ತುಳಿದವನಲ್ಲ. ಗೋಣಿಚೀಲದ ಮೇಲಿನ ಗುರುತು ನೋಡಿ ನೋಡಿ ಅಕ್ಷರ ಕಲಿತ, ಬೆಲ್ಲದ ಅಚ್ಚು ಎಣಿಸಿ ಎಣಿಸಿ ಲೆಕ್ಕ ಕಲಿತ. ಸೇರು ಹೋಗಿ ಕಿಲೋ ಬಂದಾಗ ಓದಿಕೊಂಡ ಗುಮಾಸ್ತರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರೆ, ಅಂಕಯ್ಯ ಒಂದೇ ವಾರದಲ್ಲಿ ಗ್ರಾಮನ್ನೂ ಕಿಲೋವನ್ನೂ ಮನೆಯ ಕರುವಿನಂತೆ ಪಳಗಿಸಿಬಿಟ್ಟ. ಒಂದು ಅಚ್ಚು ಬೆಲ್ಲವನ್ನು ಅಂಗೈಯಲ್ಲಿ ಆಡಿಸಿ ಅವನು ಹೇಳಿದ ತೂಕಕ್ಕೂ ಕಲ್ಲಿನ ತೂಕಕ್ಕೂ ವ್ಯತ್ಯಾಸ ಬಂದರೆ, ತಪ್ಪು ಕಲ್ಲಿನದೇ ಎಂದು ಸಾಹುಕಾರರು ಕಲ್ಲನ್ನು ಬದಲಾಯಿಸುತ್ತಿದ್ದರಂತೆ. (ಹೀಗೆಂದು ಹೇಳಿದವನು ಅಂಕಯ್ಯನೇ.)

ಇಂಥವನ ಮನೆಯಿಂದ ಮಂಗಳಮ್ಮ ಶ್ರಾವಣದಲ್ಲಿ ಭದ್ರಾವತಿಗೆ ಹೊರಟಳು. ಮಗಳು ಯಶೋದಳ ಎರಡನೆಯ ಹೆರಿಗೆ. ಅಳಿಯ ಪುಟ್ಟರಾಜು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ತಾಯಿ ಚಿಕ್ಕಬೋರಮ್ಮನಿಗೆ ಮಂಡಿನೋವು, ಬಾಣಂತನ ಮಾಡಲಾರಳು. ಮೂರು ತಿಂಗಳ ಮಾತು. ಹದಿನೆಂಟು ಕಿಲೋ ತೂಕದ ತಗಡಿನ ಪೆಟ್ಟಿಗೆಯನ್ನು ಜಟಕಾಕ್ಕೆ ಏರಿಸುತ್ತಾ ಅಂಕಯ್ಯ ಎದೆಯುಬ್ಬಿಸಿ ಹೇಳಿದ್ದ:

"ಮೂರಲ್ಲ, ಆರು ತಿಂಗ್ಳು ಇದ್ದು ಬಾ ಕಣಮ್ಮಿ. ನೀನಿಲ್ದಿದ್ರೆ ನಂಗೇನು ಬದ್ಕಾಕ್ ಬರಾಕಿಲ್ವಾ?"

ದೇವರಿಗೆ ಆ ಮಾತು ಕೇಳಿಸಿತು. ಯಶೋದಳಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದವು. ಒಂದಕ್ಕೆಂದು ತೂಗಿದ ಕಡೆ ಮೇಲಿನವನು ಒಂದು ಕೊಸರು ಹಾಕಿದ್ದ. ಮೂರು ತಿಂಗಳು ನಿಜವಾಗಿಯೂ ಆರಾಗುವ ಹಾಗೆ ಕಂಡಿತು.

ಇಲ್ಲಿ ಕೊಸರಿನ ವಿಚಾರ ಒಂದು ಮಾತು. ತೂಕ ಮುಗಿದು, ಮುಳ್ಳು ನೆಟ್ಟಗೆ ನಿಂತ ಮೇಲೆ, ಕೊಳ್ಳುವವನ ಚೀಲಕ್ಕೆ ಒಂದು ಚೂರು ಬೆಲ್ಲ ಮೇಲೆ ಹಾಕುವುದು ಮಂಡಿಯ ವಾಡಿಕೆ. ಅದು ಲೆಕ್ಕದ ಪುಸ್ತಕಕ್ಕೆ ಹತ್ತುವುದಿಲ್ಲ, ಸಾಹುಕಾರ ಕೇಳುವುದಿಲ್ಲ, ಕೊಂಡವನು ಬೇಡ ಅನ್ನುವುದಿಲ್ಲ. ಕೊಸರು ಹಾಕದ ತೂಕದವನನ್ನು ಮಂಡಿಯಲ್ಲಿ ಹೆಣ ತೂಗುವವನು ಎನ್ನುತ್ತಿದ್ದರು. ನಲವತ್ತು ವರ್ಷದಲ್ಲಿ ಕೊಸರು ಹಾಕದೆ ಅಂಕಯ್ಯ ಒಂದು ಕಡಲೆಕಾಯಿಯನ್ನೂ ತೂಗಿರಲಿಲ್ಲ.

ಮೊದಲ ಮೂರು ತಿಂಗಳು ಹಾಗೂ ಹೀಗೂ ಕಳೆಯಿತು. ಆಮೇಲೆ ಮನೆ ದೊಡ್ಡದಾಗತೊಡಗಿತು. ಎರಡಂಕಣದ ಮನೆ ಮೈಸೂರು ಅರಮನೆಯಷ್ಟು ಅಗಲವಾಯಿತು. ಅವನು ಮಾಡಿದ ಮುದ್ದೆಯನ್ನು ಬೀದಿ ನಾಯಿಗೆ ಹಾಕಿದರೆ ಅದು ಒಂದು ಸಲ ಮುದ್ದೆಯನ್ನು ನೋಡಿ, ಒಂದು ಸಲ ಅಂಕಯ್ಯನನ್ನು ನೋಡಿ, ನಿಟ್ಟುಸಿರು ಬಿಟ್ಟು ಹೋಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಅಡಿಕೆ. ಅಂಕಯ್ಯನಿಗೆ ದವಡೆ ಹಲ್ಲು ಹೋಗಿ ಆರು ವರ್ಷ. ಊಟವಾದ ಮೇಲೆ ಮಂಗಳಮ್ಮ ಕಾಲು ಚಾಚಿ ಕೂತು ಅಡಕತ್ತರಿಯಲ್ಲಿ ಅಡಿಕೆಯನ್ನು ಬತ್ತದ ಹೊಟ್ಟಿನಷ್ಟು ತೆಳ್ಳಗೆ ಕತ್ತರಿಸಿ ಅವನ ಅಂಗೈಗೆ ಹಾಕುತ್ತಿದ್ದಳು. ಈಗ ತಾನೇ ಕತ್ತರಿಸಲು ಹೋಗಿ ಹೆಬ್ಬೆರಳು ಕತ್ತರಿಸಿಕೊಂಡ. ಅಂಗಡಿಯ ಅಡಿಕೆ ಬಾಯಲ್ಲಿ ಜಲ್ಲಿಕಲ್ಲಿನಂತೆ ಉರುಳಿತು.

'ಬಂದುಬಿಡು' ಎಂದು ಒಂದು ಮಾತು ಬರೆದರೆ ಆಗುತ್ತಿತ್ತು. ಬರೆಯುವುದು ಹೇಗೆ? ಮಂಗಳಮ್ಮನಿಗೆ ಓದು ಬರುವುದಿಲ್ಲ. ಕಾಗದ ಬಂದರೆ ಯಶೋದ ಗಟ್ಟಿಯಾಗಿ ಓದುತ್ತಾಳೆ. ಪಕ್ಕದಲ್ಲಿ ಬೀಗಿತಿ ಚಿಕ್ಕಬೋರಮ್ಮ ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಾ ಎರಡು ಕಿವಿಯನ್ನೂ ಇತ್ತಲೇ ಇಟ್ಟಿರುತ್ತಾಳೆ. ಅರವತ್ಮೂರು ವರ್ಷದ ಗಂಡಸು, ಹೆಂಡತಿ ಇಲ್ಲದೆ ಇರಲಾರೆ ಎಂದು ಬೀಗರ ಮನೆಯ ನಡುಮನೆಯಲ್ಲಿ ಓದಿಸಿಕೊಳ್ಳುವುದೆ? ಅದಕ್ಕಿಂತ ಶಿಂಷಾ ಹೊಳೆಗೆ ಬೀಳುವುದು ವಾಸಿ. (ಆ ವರ್ಷ ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು, ಆ ಮಾತು ಬೇರೆ.)

ಆಗ ಅವನಿಗೆ ಕೊಸರು ನೆನಪಾಯಿತು.

ಅಂಚೆಕಚೇರಿಯ ಹಲಗೆಯ ಮೇಲೆ ಬರೆದಿತ್ತು: ಇಪ್ಪತ್ತು ಪೈಸೆಯ ಲಕೋಟೆಯಲ್ಲಿ ಹದಿನೈದು ಗ್ರಾಮಿನವರೆಗೆ ಕಳಿಸಬಹುದು. ಅಂಕಯ್ಯ ಮನೆಗೆ ಬಂದು ಅಕ್ಕಸಾಲಿಯಿಂದ ಹಿಂದೆ ಕೊಂಡಿದ್ದ ಸಣ್ಣ ತ್ರಾಸನ್ನು ಇಳಿಸಿದ. ಗ್ರಾಮಿನ ಬಟ್ಟು ಅವನ ಹತ್ತಿರ ಇರಲಿಲ್ಲ. ಆದರೆ ಮಂಗಳಮ್ಮನ ಮದುವೆಯಲ್ಲಿ ಧಾರೆಗೆ ಹಾಕಿದ್ದ ಒಂದು ಬೆಳ್ಳಿ ರೂಪಾಯಿ ಕುಂಕುಮದ ಭರಣಿಯಲ್ಲಿತ್ತು. ಬೆಳ್ಳಿ ರೂಪಾಯಿ ಒಂದು ತೊಲ. ತೊಲಕ್ಕೆ ಎಷ್ಟು ಗ್ರಾಮು ಎಂಬುದು ಅವನಿಗೆ ಬಾಯಿಪಾಠ. ಉಳಿದದ್ದಕ್ಕೆ ಹಿತ್ತಲ ಬೇಲಿಯ ಗುಲಗಂಜಿ ಸಾಕು. ಒಂದು ಬೆಳ್ಳಿ ರೂಪಾಯಿ, ಮೇಲೆ ಇಪ್ಪತ್ತೆಂಟು ಗುಲಗಂಜಿ: ಹದಿನೈದು ಗ್ರಾಂ. ಇನ್ನೊಂದು ತಟ್ಟೆಗೆ ಲಕೋಟೆ ಮತ್ತು ಮಂಡಿಯ ಹಳೆಯ ಲೆಕ್ಕದ ಪುಸ್ತಕದಿಂದ ಹರಿದ ದಪ್ಪ ಹಾಳೆ. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಹಾಳೆಯ ಅಂಚನ್ನು ಕತ್ತರಿಸಿದ.

ಹಾಳೆಯ ತುಂಬಾ ಬರೆದದ್ದು ಹೀಗೆ: 'ಇಲ್ಲಿ ನಾನು ರಾಜನಂತೆ ಸುಖವಾಗಿದ್ದೇನೆ. ದಿನವೂ ಮುದ್ದೆ ಬೆಣ್ಣೆಯಂತೆ ಬರುತ್ತದೆ. ಮನೆ ಕನ್ನಡಿಯಂತಿದೆ. ನನ್ನ ಯೋಚನೆ ಮಾಡಬೇಡ.' ಇದು ತೂಕ. ಯಶೋದ ಗಟ್ಟಿಯಾಗಿ ಓದಿಕೊಳ್ಳಲಿ.

ತೂಕ ಸರಿಹೋದ ಮೇಲೆ, ಮಂಗಳಮ್ಮ ತನ್ನ ತವರು ಬೆಳಕವಾಡಿಯಿಂದ ತಂದು ನೆಟ್ಟಿದ್ದ ಕರಿಬೇವಿನ ಗಿಡದಿಂದ ಒಂದು ಕಡ್ಡಿ ಮುರಿದು ಲಕೋಟೆಯೊಳಗೆ ಹಾಕಿದ. ಇದು ಕೊಸರು. ಇದನ್ನು ಯಾರೂ ಗಟ್ಟಿಯಾಗಿ ಓದಲಾರರು. ಅಂಟು ಹಚ್ಚಿ ಕೆಂಪು ಡಬ್ಬಕ್ಕೆ ಬಿಟ್ಟ.

ಮುಂದಿನ ವಾರ ಅವಳ ಕೆಂಪು ಕೋಳಿಯ ಎರಡು ಪುಕ್ಕ. ಆಮೇಲೆ ಒಣಗಿದ ಕನಕಾಂಬರ. ಆಮೇಲೆ ನಾಲ್ಕು ಅವರೆಕಾಳು. ಏಳನೆಯ ವಾರ ಏನೂ ಹೊಳೆಯದೆ, ಅಂಗಿಯಿಂದ ಉದುರಿ ಗೂಡಿನಲ್ಲಿ ಬಿದ್ದಿದ್ದ ಒಂದು ಗುಂಡಿಯನ್ನು ಹಾಕಿದ.

ಎಂಟನೆಯ ವಾರ ಪೋಸ್ಟ್‌ಮ್ಯಾನ್ ಮರಿಸಿದ್ದಯ್ಯ ಬಂದ. ಕೈಯಲ್ಲಿ ಒಂದು ಕಾರ್ಡು. ಅದನ್ನು ಓದಿಕೊಂಡೇ ಬರುತ್ತಿದ್ದ. ಎದುರು ಮನೆಯ ದೇವಿರಮ್ಮನ ಜಗಲಿಯ ಹತ್ತಿರ ನಿಂತು ಅವಳಿಗೂ ಅರ್ಧ ಓದಿ ಹೇಳಿ, ಆಮೇಲೆ ಅಂಕಯ್ಯನಿಗೆ ಕೊಟ್ಟ.

ಯಶೋದಳ ಕಾರ್ಡು: 'ಅಪ್ಪನಿಗೆ ನಮಸ್ಕಾರ. ನಿಮ್ಮ ಏಳು ಕಾಗದವೂ ಬೇರಿಂಗ್ ಆಗಿ ಬಂದವು. ತೂಕ ಹೆಚ್ಚಂತೆ, ಅಂಚೆಚೀಟಿ ಸಾಲದಂತೆ. ಕಡಿಮೆ ಬಿದ್ದ ಹತ್ತು ಪೈಸೆಗೆ ಎರಡರಷ್ಟು ದಂಡ ಎಂದು ಪ್ರತಿ ಸಲವೂ ನಮ್ಮಿಂದ ಇಪ್ಪತ್ತು ಪೈಸೆ ಇಸಕೊಂಡು ಹೋಗುತ್ತಾರೆ. ನಿಮ್ಮಪ್ಪ ನಮಗೇ ಕರಿಬೇವು ಮಾರುತ್ತಾರಲ್ಲ ಎಂದು ಅತ್ತೆ ನಗುತ್ತಾರೆ. ಇನ್ನು ಮುಂದೆ ಕಾರ್ಡು ಬರೆಯಿರಿ, ಸಾಕು. ನೀವು ರಾಜನಂತೆ ಸುಖವಾಗಿದ್ದೀರೆಂದು ತಿಳಿದು ಅಮ್ಮನಿಗೂ ನಿಶ್ಚಿಂತೆಯಾಗಿದೆ. ಆದಕಾರಣ ಅಮ್ಮ ಉಗಾದಿಯವರೆಗೆ ಇಲ್ಲೇ ಇರಲಿ ಎಂದು ಮಾಡಿದ್ದೇವೆ.'

ಅಂಕಯ್ಯ ಅದನ್ನು ಮೂರು ಸಲ ಓದಿದ. ಮೂರು ಸಲವೂ 'ಆದಕಾರಣ' ಎಂಬಲ್ಲಿಗೆ ಬಂದು ನಿಂತ.

ದೇವಿರಮ್ಮ ಆಚೆ ಜಗಲಿಯಿಂದಲೇ ಕೂಗಿದಳು. "ಅಂಕಯ್ಣೋ! ಎಂಗೂ ರಾಜನಂಗಿದ್ದೀಯಂತಲ್ಲ, ರಾಣಿ ಯಾಕ್ ಬಂದಾಳು ಬುಡು!"

ಉಗಾದಿಯ ದುಃಖವನ್ನು ಯಾರ ಮೇಲೂ ತೀರಿಸಿಕೊಳ್ಳುವ ಹಾಗಿರಲಿಲ್ಲ. ಇಪ್ಪತ್ತು ಪೈಸೆಯ ಸಿಟ್ಟಿಗಾದರೆ ಒಂದು ವಿಳಾಸವಿತ್ತು. ಅಂಕಯ್ಯ ತ್ರಾಸನ್ನು ಟವಲಿನಲ್ಲಿ ಸುತ್ತಿ, ಬೆಳ್ಳಿ ರೂಪಾಯಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗುಲಗಂಜಿಯನ್ನು ಬೆಂಕಿಪೊಟ್ಟಣಕ್ಕೆ ತುಂಬಿಕೊಂಡು, ಕುರುಕ್ಷೇತ್ರಕ್ಕೆ ಹೊರಟವನಂತೆ ಅಂಚೆಕಚೇರಿಗೆ ನಡೆದ. ಅಲ್ಲಿ ಪೋಸ್ಟ್ ಮಾಸ್ಟರು ತಿರುನಾರಾಯಣ ಅಯ್ಯಂಗಾರರು ಕಿಟಕಿಯ ಹಿಂದೆ ಕೂತು ಯಾರದೋ ಪಾರ್ಸಲ್ಲಿನ ತೂಕ ನೋಡುತ್ತಿದ್ದರು. ಸಾಲಿನಲ್ಲಿ ಏಳೆಂಟು ಜನ.

"ಸ್ವಾಮಿ, ನಿಮ್ಮ ತಕ್ಕಡಿ ಸುಳ್ಳು ಏಳ್ತದೆ."

"ಅಂಕಯ್ಯನವರೇ, ಇದು ಸರ್ಕಾರದ ತಕ್ಕಡಿ."

"ಸರ್ಕಾರದ್ದಾದ್ರೆ ಸುಳ್ಳೇಳಾಕಿಲ್ಲ ಅಂತ ಯಾವ ಕಾನೂನಲ್ಲದೆ?"

ಸಾಲಿನವರು ಕಿವಿ ನೆಟ್ಟಗೆ ಮಾಡಿದರು. ಅಂಕಯ್ಯ ಕಿಟಕಿಯ ಕಟ್ಟೆಯ ಮೇಲೆ ತ್ರಾಸು ಹೂಡಿದ. ಒಂದು ತಟ್ಟೆಗೆ ಬೆಳ್ಳಿ ರೂಪಾಯಿ, ಇಪ್ಪತ್ತೆಂಟು ಗುಲಗಂಜಿ. ಇನ್ನೊಂದಕ್ಕೆ ಅಯ್ಯಂಗಾರರ ಹತ್ತಿರ ಇಸಕೊಂಡ ಹಿತ್ತಾಳೆಯ ಬಟ್ಟುಗಳು, ಹತ್ತರದು ಒಂದು, ಐದರದು ಒಂದು. ತ್ರಾಸು ಎರಡು ಸಲ ತೂಗಾಡಿ, ಗಾಳಿಯಿಲ್ಲದ ದಿನದ ಕೆರೆಯ ನೀರಿನಂತೆ ನಿಂತುಬಿಟ್ಟಿತು. ಅಯ್ಯಂಗಾರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಭಲೆ! ಏನ್ರೀ ಇದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ!"

"ನಲವತ್ತು ವರ್ಸ ಸ್ವಾಮಿ." ಅಂಕಯ್ಯನ ಮೀಸೆ ತಾನಾಗಿಯೇ ಒಂದಂಗುಲ ಮೇಲೆದ್ದಿತು. "ಈಗ ಈ ಕಾಗ್ದ ತೂಗಿ. ಇವತ್ತು ಡಬ್ಬಕ್ಕೆ ಬುಡಾದು."

ತೂಗಿದರು. ಸರಿಯಾಗಿ ಹದಿನೈದು.

"ಸರಿಯಾಗಿದೆಯಲ್ಲ ಅಂಕಯ್ಯನವರೇ. ಮತ್ತೆ ಬೇರಿಂಗ್ ಯಾಕಾಯಿತು?"

"ಅದ್ನೇ ನಾನೂ ಕೇಳ್ತಿರಾದು!"

"ಹಿಂದಿನವನ್ನೂ ಹೀಗೇ ತೂಗಿ ಡಬ್ಬಕ್ಕೆ ಹಾಕಿದಿರಾ?"

"ಊಂ ಸ್ವಾಮಿ. ಇಂಗೇ ತೂಗ್ದೆ, ಕೊಸ್ರು ಆಕ್ದೆ, ಅಂಟಾಕಿ ಬುಟ್ಟೆ."

"ಏನು ಹಾಕಿದಿರಿ?"

"ಕೊಸ್ರು."

ಆಗ ಎದ್ದ ನಗೆಗೆ ರೈಲ್ವೆ ಸ್ಟೇಷನ್ನಿನವರೆಗೂ ಪಾರಿವಾಳ ಹಾರಿದುವಂತೆ. ಅಯ್ಯಂಗಾರರು ಮಾತ್ರ ನಗಲಿಲ್ಲ. ನಗೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಸಮಾಧಾನವಾಗಿ ಹೇಳಿದರು: "ಪೋಸ್ಟಾಫೀಸಿನಲ್ಲಿ ಕೊಸರು ಇಲ್ಲ ಅಂಕಯ್ಯನವರೇ. ಹದಿನೈದರ ಮೇಲೆ ಒಂದು ಗ್ರಾಂ ಆದರೂ ಒಂದೇ, ಹದಿನಾಲ್ಕು ಗ್ರಾಂ ಆದರೂ ಒಂದೇ. ಇನ್ನೊಂದು ಹದಿನೈದರ ದುಡ್ಡು ಕೊಡಬೇಕು."

"ಒಂದೆಲೆ ಕರಿಬೇವು ಎಚ್ಚಾದ್ರೆ ಇನ್ನೊಂದು ಲಕೋಟೆ ತೂಕದ ಕಾಸಾ? ಮಂಡಿಲಿ ಇಂಗೆ ಮಾಡಿದ್ರೆ ಕೆರ ಬೀಳ್ತವೆ ಸ್ವಾಮಿ!"

ಸಾಲಿನ ಹಿಂದಿನಿಂದ ಯಾರೋ ಕೇಳಿದರು: "ಅಂಕಯ್ಣ, ಕರಿಬೇವೊಂದೇನಾ? ಕಾಯಿ, ಕೊತ್ತಂಬ್ರಿ ಆಕ್ಲಿಲ್ವಾ? ಸಾರೇ ಆಗೋಗದು!"

"ಮುಚ್ಚಲಾ ಬಾಯ! ಸಾರಿನ ವಿಸ್ಯ ನಿನ್ಗೇನ್ ಗೊತ್ತಾದದು!" ಎಂದು ಅಂಕಯ್ಯ ತಿರುಗಿ ಗದರಿದ. ಗುಂಡಿಯ ಸಂಗತಿ ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ.

ಅಯ್ಯಂಗಾರರು ತಗ್ಗಿದ ದನಿಯಲ್ಲಿ ದಾರಿ ತೋರಿಸಿದರು. "ಅಷ್ಟೇಕೆ? ಮೇಲೆ ಹತ್ತು ಪೈಸೆಯ ಚೀಟಿ ಅಂಟಿಸಿಬಿಡಿ. ಆಮೇಲೆ ನಿಮ್ಮ ಕೊಸರನ್ನು ಧಾರಾಳವಾಗಿ ಹಾಕಿ."

ಅಂಕಯ್ಯ ತ್ರಾಸನ್ನು ಟವಲಿಗೆ ಸುತ್ತುತ್ತಾ ತಲೆಯಾಡಿಸಿದ. "ಕಾಸು ಕೊಟ್ಟು ಆಕಿದ್ರೆ ಅದು ಕೊಸ್ರು ಎಂಗಾದದು ಸ್ವಾಮಿ? ಅದೂ ತೂಕವೇ ಆಗೋಯ್ತಲ್ಲ."

ಆ ಕಾಗದವನ್ನು ಹದಿನೈದು ಗ್ರಾಮಿಗೇ ಡಬ್ಬಕ್ಕೆ ಬಿಟ್ಟ. ಕಾರ್ಡು ಬರೆಯಲು ಮನಸ್ಸು ಬರಲಿಲ್ಲ. ಕಾರ್ಡು ಎಂದರೆ ಮರಿಸಿದ್ದಯ್ಯನಿಗೆ ಬರೆದ ಹಾಗೆ. ಮುಂದಿನ ವಾರವೂ ಹದಿನೈದು ಗ್ರಾಂ, ಅದರ ಮುಂದಿನ ವಾರವೂ ಹದಿನೈದು. 'ರಾಜನಂತಿದ್ದೇನೆ' ಎಂಬುದೂ ಇತ್ತು, 'ಮುದ್ದೆ ಬೆಣ್ಣೆಯಂತಿದೆ' ಎಂಬುದೂ ಇತ್ತು. ಅಂಟು ಹಚ್ಚುವಾಗ ಬೆರಳುಗಳು ಅಭ್ಯಾಸಬಲದಿಂದ ಏನನ್ನೋ ಹುಡುಕಿ, ಬರಿದೇ ವಾಪಸು ಬರುತ್ತಿದ್ದವು. ನಲವತ್ತು ವರ್ಷ ತೂಗಿದವನು ಕಡೆಗೂ ಹೆಣ ತೂಗುವವನಾದೆ ಎಂದು ಅವನಿಗೆ ಅನ್ನಿಸಿತು. ಊಟದ ಹೊತ್ತಿಗೆ ದೇವಿರಮ್ಮ ಒಂದು ಗಿಣ್ಣಲು ಸಾರು ತಂದಿಟ್ಟು, "ಉಂಡಾ ರಾಜಾ?" ಎಂದು ಕೇಳಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಮಾತಾಡುವುದು ಕೋಳಿ ಒಂದೇ. ಅದೂ ಮೊಟ್ಟೆ ಇಟ್ಟ ದಿನ ಮಾತ್ರ.

ಮೂರನೆಯ ಕಾಗದ ಹೋದ ಐದನೆಯ ದಿನ, ಒಂದು ಮಂಗಳವಾರ ಬೆಳಿಗ್ಗೆ, ಮನೆಯ ಮುಂದೆ ಜಟಕಾ ನಿಂತಿತು. ಅಂಕಯ್ಯ ಜಗಲಿಯಲ್ಲಿ ಕೂತು ಗುಂಡಿಯಿಲ್ಲದ ಅಂಗಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ. ಮಂಗಳಮ್ಮ ಇಳಿದಳು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು. ನೆಟ್ಟಗೆ ಬಂದು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇದ್ದೀಯಾ?" ಎಂದಳು.

"ಇಲ್ದೆ ಎಲ್ಲೋಯ್ತೀನಿ?"

ಅಷ್ಟೇ ತಡ. ಮಂಗಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ನ ಮನೆ ಕಾಯ್ವಾಗ! ಮೂರು ಕಾಗ್ದ ಬಂದೋ, ಒಂದ್ರಲ್ಲೂ ಕೊಸ್ರಿಲ್ಲ! ಬೋಳು ಲಕೋಟೆ! ಯಶೋದ ಓದ್ತಾ ಕುಂತವ್ಳೆ, ರಾಜನಂಗವ್ನೆ, ಬೆಣ್ಣೆಯಂಗವ್ನೆ ಅಂತ. ನಾನು ಲಕೋಟೆ ಕೊಡವ್ತೀನಿ, ಕೊಡವ್ತೀನಿ, ಒಂದು ಎಲೆ ಬೀಳಾಕಿಲ್ಲ. ಕೊಸ್ರಾಕ್ದೆ ತೂಗೋ ಮನ್ಸ ಅಲ್ಲ ಇವ್ನು. ಕಾಗ್ದ ಯಾರ್ ಕೈಲೋ ಬರ್ಸವ್ರೆ, ಇವ್ನು ಆಸ್ಗೆ ಇಡ್ದವ್ನೆ, ಇಲ್ಲ ಓಗೇಬುಟ್ಟವ್ನೆ ಅನ್ಕಂಡು ರೈಲಿನಲ್ಲಿ ಇಡೀ ದಾರಿ ಅತ್ಕಂಡು ಬಂದಿವ್ನಿ!"

"ಕೊಸ್ರಾಕ್ದಾಗ ದಂಡ ಅಂದ್ರಿ, ಆಕ್ದೆ ಇದ್ರೆ ಸತ್ತೋದ ಅಂತೀರಾ? ಗಂಡ್ಸು ಏನ್ ಮಾಡ್ಬೇಕು?"

"ಬಾಯಿ ಬುಟ್ಟು ಏಳ್ಬೇಕು! ಗುಂಡಿ ಕಳ್ಸಿದ್ಯಲ್ಲ, ಎದೆ ಬುಟ್ಕಂಡು ತಿರುಗ್ತಾವ್ನೆ ಅಂತ ಅವತ್ತೇ ತಿಳೀತು ನಂಗೆ. ಕರಿಬೇವಿನ ಎಲೆ ಗುಬ್ಬಿ ಕಿವಿಯಷ್ಟಾಗಿತ್ತು, ಗಿಡಕ್ಕೆ ನೀರಾಕಿಲ್ಲ ಅಂತ ಗೊತ್ತಾಯ್ತು. ಪುಕ್ಕ ನೋಡಿ, ಕೋಳಿ ತಿಂದ್ಬುಟ್ನಾ ಅಂತಿದ್ದೆ."

ಏಳು ವಾರದ ಕೊಸರನ್ನೂ ಒಂದಕ್ಷರ ಬಿಡದೆ ಓದಿಕೊಂಡಿದ್ದಳು. ಅಂಕಯ್ಯ ಎದ್ದು ಅವಳ ಕೈಯ ಚೀಲವನ್ನು ತೆಗೆದುಕೊಂಡ.

ತೆಗೆದುಕೊಂಡದ್ದೇ ತಪ್ಪಾಯಿತು. ನಲವತ್ತು ವರ್ಷದ ಕೈ ಅದು, ಕೇಳದಿದ್ದರೂ ಹೇಳುತ್ತದೆ. ಒಂದೂಕಾಲು ಕಿಲೋ. ಎರಡು ಸೀರೆ, ಎರಡು ರವಿಕೆ, ಒಂದು ಬಾಚಣಿಗೆ. ಹದಿನೆಂಟು ಕಿಲೋ ತೆಗೆದುಕೊಂಡು ಹೋದವಳು ಒಂದೂಕಾಲು ಕಿಲೋದಲ್ಲಿ ಮನೆಗೆ ಬಂದಿಲ್ಲ. ನೋಡಿ ಹೋಗಲು ಬಂದಿದ್ದಾಳೆ.

"ಯಾವಾಗ ಓಯ್ತೀಯಾ?" ಎಂದು ಕೇಳಿದ.

ಮಂಗಳಮ್ಮ ಚೀಲವನ್ನೂ ಅವನನ್ನೂ ನೋಡಿದಳು. "ನಾಳಿದ್ದು. ಮಕ್ಳೆಲ್ಡಕ್ಕೂ ಕೆಮ್ಮು. ಯಶೋದನ ಕೈಲಿ ಆಗಾಕಿಲ್ಲ. ನೀನು ನೋಡುದ್ರೆ ಗುಂಡುಕಲ್ಲಿನಂಗೆ ಚೆಂದಾಗಿದ್ದೀಯಾ."

ಇಲ್ಲ ಎನ್ನಬೇಕಾದ ಜಾಗ ಅದು. ಅಂಕಯ್ಯನಿಗೂ ಗೊತ್ತಿತ್ತು. ಬಾಯಿ ಮಾತ್ರ ತನ್ನ ಹಳೆಯ ಚಾಳಿಯಂತೆ, "ರಾಜನಂಗಿವ್ನಿ ಮತ್ತೆ!" ಎಂದುಬಿಟ್ಟಿತು.

ಮಂಗಳಮ್ಮ ಒಳಗೆ ಹೋದಳು. ಆಮೇಲೆ ಹಿಟ್ಟಿನ ಕೋಲನ್ನು ಹಿಡಿದುಕೊಂಡು ಹೊರಗೆ ಬಂದಳು. ಕೋಲಿಗೆ ಒಣಗಿದ ಮುದ್ದೆ ಗೋಡೆಯ ಮಣ್ಣಿನಂತೆ ಕಚ್ಚಿತ್ತು.

"ಇದ್ಯಾವ ರಾಜನ ಅರಮನೆ? ಒಲೆ ಒಳ್ಗೆ ಕೋಳಿ ಕಾವಿಗೆ ಕುಂತದೆ!"

"ಅದಕ್ಕೆ ಚಳಿ ಆಯ್ತಿತ್ತು," ಎಂದ ಅಂಕಯ್ಯ.

ಎರಡು ದಿನ ಮಂಗಳಮ್ಮನ ಬಾಯಿಗೂ ಕೈಗೂ ಬಿಡುವಿರಲಿಲ್ಲ. ಬೈದುಕೊಂಡೇ ಒಲೆ ಸಾರಿಸಿದಳು, ಬೈದುಕೊಂಡೇ ಅಂಗಿಗಳಿಗೆ ಗುಂಡಿ ಹಾಕಿದಳು, ಬೈದುಕೊಂಡೇ ಕರಿಬೇವಿನ ಬುಡಕ್ಕೆ ನೀರು ಹೊಯ್ದಳು. ಅಂಕಯ್ಯ ಅವಳ ಹಿಂದೆಯೇ ಬಾಲದಂತೆ ಸುತ್ತುತ್ತಾ ಬೈಗುಳವನ್ನು ತುಪ್ಪದಂತೆ ಚಪ್ಪರಿಸಿದ. ಊಟವಾದ ಮೇಲೆ ಅವಳು ಕಾಲು ಚಾಚಿ ಕೂತು ಅಡಿಕೆ ಕತ್ತರಿಸಿದಳು. ಅಡಕತ್ತರಿಯ ಕಿಸ್ ಕಿಸ್ ಸದ್ದು ಕೇಳುತ್ತಾ ಅವನು ಅಂಗೈ ಒಡ್ಡಿಕೊಂಡು ಕೂತ. ಎಲ್ಲಿ ಮಾತಾಡಿದರೆ ಮತ್ತೆ ರಾಜನ ಸುದ್ದಿ ಬರುತ್ತದೋ ಎಂದು ಬಾಯಿಗೆ ಹೆದರಿಕೊಂಡಿದ್ದ.

ಗುರುವಾರ ಬೆಳಿಗ್ಗೆ ಮಂಗಳಮ್ಮ ಸೀರೆ ಮಡಿಸಿ ಚೀಲಕ್ಕೆ ಹಾಕಿದಳು. ಅಂಕಯ್ಯ ಚೀಲವನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊಸಲಿನಲ್ಲಿ ನಿಂತ. ಬೀದಿಯಲ್ಲಿ ಜಟಕಾ ಕಾಯುತ್ತಿತ್ತು. ಎದುರು ಜಗಲಿಯಲ್ಲಿ ದೇವಿರಮ್ಮ ಅಕ್ಕಿ ಆರಿಸುವ ನೆಪದಲ್ಲಿ ಕೂತಿದ್ದಳು.

"ಮಂಗ್ಳೀ."

"ಏನು?"

"ಏನಿಲ್ಲ. ಎಲ್ಡು ದಿನ ಅಂದೆ, ಎಲ್ಡು ದಿನ ಇದ್ದೆ. ತೂಕ ಸರಿಯಾಗದೆ." ಅವನು ಚೀಲವನ್ನೇ ನೋಡುತ್ತಾ ಹೇಳಿದ. "ಒಂದು ದಿನ ಕೊಸ್ರಾಕ್ಬುಟ್ಟು ಓಗಾಕಾಗಾಕಿಲ್ವಾ?"

ಅಕ್ಕಿ ಆರಿಸುವ ಕೈ ಅಲ್ಲಿ ನಿಂತಿತು. ಮಂಗಳಮ್ಮ ಗಂಡನ ಕಡೆ ತಿರುಗಿದಳು. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಈ ಮನುಷ್ಯ ಏನನ್ನಾದರೂ ಕೇಳಿದ್ದು ಇದೇ ಮೊದಲು. ಉಪ್ಪು ಬೇಕಾದರೂ 'ಸಾರು ಸಪ್ಪೆ' ಎನ್ನುತ್ತಿದ್ದನೇ ಹೊರತು 'ಉಪ್ಪು ಕೊಡು' ಎಂದವನಲ್ಲ.

"ಕೊಸ್ರಿಗೆ ಎಲ್ಡರಷ್ಟು ದಂಡ ಕಣಪ್ಪ," ಎಂದಳು. "ಚಿಕ್ಕಬೋರಮ್ಮ ಬುಟ್ಟಾಳಾ?"

"ನಾ ಕಟ್ತೀನಿ."

ಮಂಗಳಮ್ಮ ಜಟಕಾದವನನ್ನು ವಾಪಸು ಕಳಿಸಿದಳು. ಒಂದು ದಿನ ಹೆಚ್ಚು ಇದ್ದಳು. ಶುಕ್ರವಾರ ಮದ್ದೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ, ಕಿಟಕಿಯಿಂದ, "ಉಗಾದಿಗೆ ಎಂಟು ದಿನ ಇರಂಗೇ ಬತ್ತೀನಿ. ಕೋಳಿನ ಒಲೆಗೆ ಬುಡ್ಬೇಡ," ಎಂದಳು. ಅಂಕಯ್ಯ ರೈಲಿನ ಹಿಂದಿನ ದೀಪ ಕಾಣುವವರೆಗೆ ನಿಂತಿದ್ದ. ಹಗಲು ಹೊತ್ತು, ದೀಪ ಹತ್ತಿರಲಿಲ್ಲ. ಆದರೂ ನಿಂತಿದ್ದ.

ಹತ್ತು ದಿನ ಕಳೆದ ಮೇಲೆ ಮರಿಸಿದ್ದಯ್ಯ ಬರಿಗೈಯಲ್ಲಿ ಬಂದ. "ಅಣ್ಣೋ, ನಿನ್ಗೊಂದು ಬೇರಿಂಗ್ ಬಂದದೆ. ಭದ್ರಾವತಿದು. ಅಯ್ನೋರು ನಿನ್ನೇ ಬರೇಳವ್ರೆ. ತ್ರಾಸು ತಕ್ಕಂಡು ಬರ್ಬೇಕಂತೆ!"

ಅಂಚೆಕಚೇರಿಯಲ್ಲಿ ಅವತ್ತೂ ಸಾಲು ಇತ್ತು. ಹೆಚ್ಚುಕಡಿಮೆ ಅವೇ ಮುಖಗಳು. ಅಯ್ಯಂಗಾರರು ಲಕೋಟೆಯನ್ನು ಮುಂದಿಟ್ಟರು. ವಿಳಾಸ ಯಶೋದಳ ಕೈಬರಹ. "ಹದಿನಾರು ಗ್ರಾಂ. ಒಂದು ಗ್ರಾಂ ಹೆಚ್ಚು. ದಂಡ ಇಪ್ಪತ್ತು ಪೈಸೆ. ಬೇಡ ಅಂದರೆ ವಾಪಸು ಕಳಿಸ್ತೀನಿ."

ಅಂಕಯ್ಯ ಸೊಂಟದ ಚೀಲ ಬಿಚ್ಚಿ ಇಪ್ಪತ್ತು ಪೈಸೆಯನ್ನು ಕಟ್ಟೆಯ ಮೇಲೆ ಟಣ್ಣೆಂದು ಇಟ್ಟ. ತ್ರಾಸು ಹೂಡಲಿಲ್ಲ. ಲಕೋಟೆಯನ್ನು ಅಂಗೈಯಲ್ಲಿ ಆಡಿಸಿ, "ಸರಿಯಾಗದೆ ಸ್ವಾಮಿ, ಅದಿನಾರೇ," ಎಂದ. ಅಲ್ಲೇ ಅಂಚು ಹರಿದ.

ಒಳಗೆ ಕಾಗದವಿರಲಿಲ್ಲ. ಒಂದು ಗೆರೆಯ ಬರಹವೂ ಇರಲಿಲ್ಲ. ಬತ್ತದ ಹೊಟ್ಟಿನಷ್ಟು ತೆಳ್ಳಗೆ ಕತ್ತರಿಸಿದ ಅಡಿಕೆ ಮಾತ್ರ ತುಂಬಿತ್ತು.

ಸಾಲಿನವರು ಇಣುಕಿದರು. ಅಯ್ಯಂಗಾರರು ಕನ್ನಡಕದ ಮೇಲಿಂದ ನೋಡಿದರು. "ಅಯ್ಯೋ ಪಾಪ, ಇದರಲ್ಲಿ ಒಂದು ಚಿಟಿಕೆ ತೆಗೆದಿದ್ದರೆ ದಂಡವೇ ಬೀಳ್ತಿರಲಿಲ್ಲ ಅಂಕಯ್ಯನವರೇ."

"ಆ ಚಿಟಿಕೆ ತೆಗ್ದಿದ್ರೆ ಇದು ಬರೀ ಅಡ್ಕೆ ಆಗೋಗದು ಸ್ವಾಮಿ."

ಈ ಸಲ ಯಾರೂ ನಗಲಿಲ್ಲ. ಅದೇ ಅಂಕಯ್ಯನ ಕೇಡುಗಾಲಕ್ಕೆ ಬಂತು. ನಕ್ಕಿದ್ದರೆ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ನಗದೆ ಸುಮ್ಮನೆ ನೋಡಿದ್ದರಿಂದ ಅವನ ಎದೆ ಉಬ್ಬಿತು. "ತಕ್ಕಳಿ ಸ್ವಾಮಿ, ನಮ್ ಮನೆಯೋಳು ಕಳ್ಸವ್ಳೆ," ಎಂದು ಅಯ್ಯಂಗಾರರಿಗೆ ಒಂದು ಚಿಟಿಕೆ ಕೊಟ್ಟ. ಹಿಂದೆ ಸಾರಿನ ಮಾತಾಡಿದವನಿಗೆ, "ತಕಳ್ಲಾ, ಇಂಗೆ ಕತ್ತರ್ಸಾರು ಏಳೂರಲ್ಲಿ ಇದ್ರೆ ತೋರ್ಸು," ಎಂದು ಎರಡು ಚಿಟಿಕೆ ಕೊಟ್ಟ. ಸಾಲಿನಲ್ಲಿದ್ದ ಎಲ್ಲರಿಗೂ ಕೊಟ್ಟ. ಮರಿಸಿದ್ದಯ್ಯನಿಗೆ ಕೊಟ್ಟ. ದಾರಿಯಲ್ಲಿ ಕ್ಷೌರದಂಗಡಿಯವನಿಗೆ, ಹೋಟೆಲಿನ ಗಲ್ಲಾಪೆಟ್ಟಿಗೆಯವನಿಗೆ, ಜಟಕಾದವನಿಗೆ ಕೊಟ್ಟ. ಇಸಕೊಂಡವರಿಗೆಲ್ಲ ಒಂದೊಂದು ಚೂರು ಕೊಸರನ್ನೂ ಹಾಕಿದ. ಕೈಯ ಅಭ್ಯಾಸ. ಜಗಲಿಯಲ್ಲಿ ದೇವಿರಮ್ಮ ಸೆರಗೇ ಒಡ್ಡಿದಳು.

ಮನೆಯೊಳಗೆ ಬಂದು, ಚಾಪೆಯ ಮೇಲೆ ಕೂತು, ಲಕೋಟೆಯನ್ನು ಅಂಗೈಗೆ ಕೊಡವಿದ. ಏನೂ ಬೀಳಲಿಲ್ಲ. ಇನ್ನೊಮ್ಮೆ ಕೊಡವಿದ. ಮೂಲೆಯ ಅಂಟಿಗೆ ಸಿಕ್ಕಿಕೊಂಡಿದ್ದ ಒಂದೇ ಒಂದು ಚೂರು ಬಿತ್ತು.

ಅದನ್ನು ತ್ರಾಸಿಗೆ ಹಾಕಿ ನೋಡಿದ. ಒಂದು ಗುಲಗಂಜಿಯನ್ನೂ ಎತ್ತಲಿಲ್ಲ.

ಬಾಯಿಗೆ ಹಾಕಿಕೊಂಡ. ಅಗಿಯಲಿಲ್ಲ. ಉಗಾದಿಗೆ ಇನ್ನೂ ಐದು ವಾರ ಇತ್ತು.